ತರಾಟೆಯ ಆಡಳಿತ

ಗೌರಿಬಿದನೂರು ತಾಲ್ಲೂಕಿನ ಅಲೀಪುರವು ಚಿಕ್ಕಬಳ್ಳಾಪುರ ಜಿಲ್ಲೆಯ ಗ್ರಾಮಗಳಲ್ಲಿ ತನ್ನದೇ ಆದ ಮುಖಲಕ್ಷಣವುಳ್ಳ ಊರು. ಅಲ್ಲಿನ ನಿವಾಸಿಗಳಲ್ಲಿ ಬಹುಭಾಗ ಶಿಯಾ ಪಂಥದ ಮುಸಲ್ಮಾನರು. ರತ್ನದ ಕಲ್ಲುಗಳ ವ್ಯಾಪಾರವು ಅನೇಕ ಮನೆತನಗಳಿಗೆ ಜೀವನಾಧಾರ. ಆ ವ್ಯಾಪಾರದ ನಿಮಿತ್ತವಾಗಿಯೋ ವಿದ್ಯಾರ್ಜನೆಯ ನಿಮಿತ್ತವಾಗಿಯೋ, ಇಲ್ಲವೆ ಕರ್ಬಲಾ ಮೊದಲಾದ ಪುಣ್ಯಕ್ಷೇತ್ರಗಳ ದರ್ಶನಕ್ಕಾಗಿಯೋ ಸಮುದ್ರದಾಚೆಗೆ ಹೋಗಿಬರುವವರ ಸಂಖ್ಯೆ ಅಲ್ಲಿ ಸಣ್ಣದಲ್ಲ. ಮೊಹರಂ ಬಂದಿತೆಂದರೆ ಹಾಗೆ ಚದರಿಹೋದವರು ಊರಿಗೆ ಹಿಂದಿರುಗಿ ಓಣಿಗಳು ತುಂಬಿಹೋಗುತ್ತವೆ. ಮನೆಯೊಳಗಿನ ಮಾತು ಉರ್ದು. ಆಂಧ್ರದ ಗಡಿ ಸಮೀಪವಾದ್ದರಿಂದ ಸುತ್ತಲಿನ ಸೀಮೆಯ ಮಾತಿನಲ್ಲಿ ಕನ್ನಡ ತೆಲುಗುಗಳೆರಡೂ ಬೆರೆತಿರುತ್ತವೆ. ಕಛೇರಿಯ ಕಾಗದವು ಮಾತ್ರ ಕನ್ನಡ. ಇಂಥ ಊರಿಗೆ ಸರ್ಕಾರವೆಂದರೆ ವಿಧಾನಸೌಧವಲ್ಲ, ಜಿಲ್ಲಾಡಳಿತದ ಭವನವೂ ಅಲ್ಲ. ವಿಧವೆಯೊಬ್ಬಳ ಪಿಂಚಣಿ ನಿಂತುಹೋದರೆ ಕಾರಣ ಹೇಳಬೇಕಾದ ಗ್ರಾಮ ಆಡಳಿತ ಅಧಿಕಾರಿ, ಮನೆಗೆ ಇ-ಸ್ವತ್ತು ಮಾಡಿಕೊಡಬೇಕಾದ ಪಂಚಾಯತಿಯ ಅಭಿವೃದ್ಧಿ ಅಧಿಕಾರಿ (ಪಿ.ಡಿ.ಓ.), ಪಾಸ್‌ಪೋರ್ಟಿನ ಪರಿಶೀಲನೆಗೆ ಬರುವ ಪೊಲೀಸಿನವರು, ಬಾಣಂತಿಯನ್ನು ಕಂಡುಹೋಗುವ ಆಶಾ ಕಾರ್ಯಕರ್ತೆ, ಮಳೆಗಾಳಿಗೆ ತಂತಿ ಕಡಿದಾಗ ಕಂಬವೇರುವ ಲೈನ್‌ಮನ್, ಇವರೇ ಅಲ್ಲಿ ಸರ್ಕಾರ.

ಇವರ ಪ್ರಾಮಾಣಿಕತೆಯನ್ನು ಕುರಿತು ನಾವು ಬಹಳ ಮಾತನಾಡಿದ್ದೇವೆ, ಆಡಬೇಕಾದದ್ದೇ. ಇವರ ಸಂಬಳ ಸಾರಿಗೆಗಳನ್ನು ಕುರಿತು ಆಯೋಗಗಳು ಕುಳಿತಿವೆ. ಆದರೆ ಇವರ ಮನಸ್ಸು ಯಾವ ಸ್ಥಿತಿಯಲ್ಲಿದೆ ಎಂದು ವಿಚಾರಿಸುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ. ಬೆಳೆಯದಿರುವುದಕ್ಕೆ ಕಾರಣವೂ ಉಂಟು. ಸರ್ಕಾರಿ ನೌಕರನೆಂದರೆ ಖಾಯಂ ಸಂಬಳವುಳ್ಳ ಸುಖಪುರುಷನೆಂಬ ಭಾವನೆ ಜನರಲ್ಲಿ ಬಲವಾಗಿರುವಾಗ, ಅವನಿಗೂ ನಿದ್ರೆ ಬಾರದ ರಾತ್ರಿಗಳುಂಟೆಂದು ಹೇಳಹೊರಟವನ ಮಾತು ಯಾರ ಕಿವಿಗೂ ಹಿತವಾಗಲಾರದು. ಆದರೂ ಹೇಳಬೇಕಾಗಿದೆ. ಸಾರ್ವಜನಿಕ ಸೇವೆಯಲ್ಲಿರುವವರ ಮನಸ್ಸನ್ನು ಇಂದು ಕೆಡಿಸುತ್ತಿರುವುದು ಕೆಲಸದ ಹೊರೆಗಿಂತ ಹೆಚ್ಚಾಗಿ ಆ ಹೊರೆಯನ್ನು ಹೊರಿಸುವ ರೀತಿ. ಆ ರೀತಿಯಿಂದಾಗುವ ನಷ್ಟವನ್ನು ಕಟ್ಟಕಡೆಗೆ ತೆರುವವನು ಅರ್ಜಿ ಹಿಡಿದು ಬಾಗಿಲಲ್ಲಿ ನಿಂತ ಪ್ರಜೆ.

ಹೊರೆಯ ಸಂಗತಿಯನ್ನು ಮೊದಲು ನೋಡೋಣ. ವಂಶಪಾರಂಪರ್ಯವಾಗಿ ಬಂದಿದ್ದ ಶಾನುಭೋಗಿಕೆ ಪಟೇಲಿಕೆಗಳು 1961ರ ಶಾಸನದಿಂದ ರದ್ದಾಗಿ, 1963ರಲ್ಲಿ ಅದು ಜಾರಿಗೆ ಬಂದ ಮೇಲೆ, ಗ್ರಾಮದ ಲೆಕ್ಕವು ಸಂಬಳದ ನೌಕರನ ಕೈಗೆ ಬಂದಿತು. ಗ್ರಾಮ ಲೆಕ್ಕಿಗನೆಂದು ಆರಂಭವಾದ ಆ ಹುದ್ದೆ ಈಗ ಗ್ರಾಮ ಆಡಳಿತ ಅಧಿಕಾರಿಯ ಹುದ್ದೆಯಾಗಿದೆ. ಹೆಸರು ದೊಡ್ಡದಾದಷ್ಟು ಕೈಕೆಳಗಿನ ಸೌಕರ್ಯ ದೊಡ್ಡದಾಗಲಿಲ್ಲ. ಪಹಣಿಗೆ ಆಧಾರ್ ಜೋಡಿಸುವುದು, ಸರ್ಕಾರಿ ಜಮೀನಿನ ಗಸ್ತು, ಬಗರ್ ಹುಕುಂ ಅರ್ಜಿಗಳ ಸ್ಥಳಪರಿಶೀಲನೆ, ಪೌತಿ ಖಾತೆ, ಜಾತಿ ಆದಾಯಗಳ ದೃಢೀಕರಣ, ಬೆಳೆಹಾನಿಯ ವರದಿ, ಇವಕ್ಕೆ ಒಂದೊಂದಕ್ಕೂ ಒಂದೊಂದು ಆ್ಯಪ್. ಅವೆಲ್ಲ ಸೇರಿ 15ಕ್ಕೂ ಮೀರಿದವೆಂದು ನೌಕರರು ಲೆಕ್ಕ ಹೇಳಿದರು. ಕೂರಲು ಕುರ್ಚಿಯಿಲ್ಲದ, ಕಾಗದ ಇಡಲು ಬೀರುವಿಲ್ಲದ, ಮೊಬೈಲೂ ಅದರ ಡೇಟಾವೂ ಸ್ವಂತದ್ದಾದ ಸ್ಥಿತಿಯಲ್ಲಿ ಇಷ್ಟನ್ನು ನಡೆಸಲಾರೆವೆಂದು ಅವರು 2024ರ ಸೆಪ್ಟೆಂಬರ್ 26ರಂದು ರಾಜ್ಯವ್ಯಾಪಿ ಮುಷ್ಕರ ಹೂಡಿದರು. 2025ರ ಫೆಬ್ರವರಿ 10ರಿಂದ ಎರಡನೆಯ ಬಾರಿ ಕೆಲಸ ನಿಲ್ಲಿಸಿ ತಾಲ್ಲೂಕು ಕಛೇರಿಗಳ ಮುಂದೆ ಕುಳಿತರು. ಆ ಬೇಡಿಕೆಗಳ ಪಟ್ಟಿಯನ್ನು ಓದಿದವರಿಗೆ ಒಂದು ಸಂಗತಿ ಎದ್ದುಕಾಣುತ್ತಿತ್ತು. ಸಂಬಳದ ಮಾತಿಗಿಂತ ಮೇಜು, ಕುರ್ಚಿ, ಪ್ರಿಂಟರುಗಳ ಮಾತು, ರಜಾದಿನದಲ್ಲಿ ಕೆಲಸ ಹೇಳಬೇಡಿರೆಂಬ ಮಾತು, ಕೆಲಸದ ಒತ್ತಡವನ್ನು ಇಳಿಸಿರೆಂಬ ಮಾತು ಮುಂದಾಗಿದ್ದವು. ಮನುಷ್ಯನು ಕುರ್ಚಿಗಾಗಿ ಮುಷ್ಕರ ಹೂಡಬೇಕಾಗಿ ಬಂದಿತೆಂದರೆ ಅದಕ್ಕೆ ಮುಂಚೆ ಎಷ್ಟು ಬಾರಿ ಬಾಯಿಬಿಟ್ಟು ಕೇಳಿ ಸುಮ್ಮನಾಗಿರಬೇಕು!

ಇದರ ಮೇಲೆ ಖಾಲಿ ಹುದ್ದೆಗಳ ಕಥೆ. ರಾಜ್ಯದಲ್ಲಿ ಮಂಜೂರಾದ ಏಳೂಮುಕ್ಕಾಲು ಲಕ್ಷದಷ್ಟು ಹುದ್ದೆಗಳ ಪೈಕಿ ಎರಡೂವರೆ ಲಕ್ಷಕ್ಕೂ ಮೀರಿ ಖಾಲಿ ಇರುವುದನ್ನು ಸರ್ಕಾರವೇ ಒಪ್ಪಿಕೊಂಡಿದೆ. ಖಾಲಿ ಹುದ್ದೆಯ ಕೆಲಸ ಖಾಲಿಯಾಗಿರುವುದಿಲ್ಲ. ಅದು 'ಪ್ರಭಾರ'ವೆಂಬ ಹೆಸರಿನಿಂದ ಪಕ್ಕದವನ ಹೆಗಲೇರುತ್ತದೆ. ಎರಡು ವೃತ್ತಗಳಿಗೆ ಒಬ್ಬನೇ ಗ್ರಾಮ ಆಡಳಿತ ಅಧಿಕಾರಿ, ಎರಡು ಪಂಚಾಯತಿಗಳಿಗೆ ಒಬ್ಬಳೇ ಪಿ.ಡಿ.ಓ.; ಸೋಮವಾರ ಇಲ್ಲಿ, ಬುಧವಾರ ಅಲ್ಲಿ, ನಡುವೆ ಮಂಗಳವಾರ ತಾಲ್ಲೂಕಿನಲ್ಲಿ ಸಭೆ. ಇಂಥವರನ್ನು ಕರೆದು ಪ್ರಗತಿ ಸಾಲದೆಂದು ಜಬರಿಸುವುದು, ನೀರು ಬತ್ತಿದ ಕೊಳವೆಬಾವಿಗೆ ಇನ್ನೂ ಹೆಚ್ಚು ಕುದುರೆಶಕ್ತಿಯ ಮೋಟರು ಇಳಿಸಿದಂತೆ ಎಂಬುದನ್ನು ಈ ಬರಗಾಲದ ಸೀಮೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಜಬರಿಸುವಿಕೆಯು ನಮ್ಮಲ್ಲಿ ಒಂದು ಸಾರ್ವಜನಿಕ ಉತ್ಸವದ ರೂಪವನ್ನೇ ತಾಳಿದೆ. ಕೆ.ಡಿ.ಪಿ. ಎಂಬ ಪ್ರಗತಿ ಪರಿಶೀಲನೆಯ ಸಭೆಯನ್ನು ಒಮ್ಮೆಯಾದರೂ ನೋಡಿದವರು ಬಲ್ಲರು. ವೇದಿಕೆಯ ಮೇಲೆ ಸಚಿವರೋ ಶಾಸಕರೋ, ಇಕ್ಕೆಲದಲ್ಲಿ ಹಿರಿಯ ಅಧಿಕಾರಿಗಳು. ಎದುರಿನ ಸಾಲುಗಳಲ್ಲಿ ಇಲಾಖೆಗೊಬ್ಬರಂತೆ ತಾಲ್ಲೂಕಿನ ಅಧಿಕಾರಿಗಳು, ಮಡಿಲಲ್ಲಿ ಅಂಕಿಅಂಶದ ಹಾಳೆ. ಹಿಂದಿನ ಸಾಲಿನಲ್ಲಿ ಪತ್ರಿಕೆಯವರು, ಕ್ಯಾಮರಾದವರು. ಇಲಾಖೆಯ ಹೆಸರು ಕೂಗಿದೊಡನೆ ಒಬ್ಬರು ಎದ್ದು ನಿಲ್ಲುತ್ತಾರೆ. ಕೇಳಿದ ಅಂಕಿಗೆ ಉತ್ತರ ಹಾಳೆಯಲ್ಲಿದ್ದರೆ ಬದುಕಿದರು, ಇಲ್ಲವಾದರೆ ಪುಟ ತಿರುವುವಷ್ಟರಲ್ಲಿ "ಏನ್ರೀ, ಹೋಂವರ್ಕ್ ಮಾಡ್ಕೊಂಡು ಬರೋಕ್ಕಾಗಲ್ವಾ? ಕೆಲಸ ಮಾಡೋಕೆ ಇಷ್ಟ ಇಲ್ದಿದ್ರೆ ಜಾಗ ಖಾಲಿ ಮಾಡಿ" ಎಂಬ ಮಾತು ಬೀಳುತ್ತದೆ. ಸಭೆ ನಗುತ್ತದೆ, ಕ್ಯಾಮರಾ ತಿರುಗುತ್ತದೆ. ಐವತ್ತು ದಾಟಿದ ಆ ಅಧಿಕಾರಿ, ತನ್ನ ಕೈಕೆಳಗಿನವರೆದುರಿಗೆ, ಅವರಲ್ಲಿ ಕೆಲವರು ತನ್ನ ಮಕ್ಕಳ ವಯಸ್ಸಿನವರು, ಶಾಲೆಯ ಹುಡುಗನಂತೆ ತಲೆತಗ್ಗಿಸಿ ನಿಂತು, ಕೂರೆಂದು ಹೇಳುವವರೆಗೆ ಕೂರಲಾರದೆ ಇರುವ ಆ ಎರಡು ನಿಮಿಷಗಳ ಹೊತ್ತು ಯಾವ ನಡವಳಿ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಮರುದಿನದ ಪತ್ರಿಕೆಯಲ್ಲಿ ಅದು 'ಅಧಿಕಾರಿಗಳಿಗೆ ಶಾಸಕರ ತರಾಟೆ' ಎಂದೋ 'ಸಚಿವರು ಗರಂ' ಎಂದೋ ಅಚ್ಚಾಗುತ್ತದೆ. ಚಳಿ ಬಿಡಿಸಿದರೆಂದು ಬರೆಯುವುದರಲ್ಲಿ ನಮ್ಮ ಪತ್ರಿಕೋದ್ಯಮಕ್ಕೂ ಒಂದು ಬಗೆಯ ಚಪಲವುಂಟೆಂದು ಹೇಳಿದರೆ ಸಂಪಾದಕರು ಕ್ಷಮಿಸಬೇಕು. ಬೈದವರು ಕೆಲಸ ಮಾಡಿದಂತಾಯಿತು, ಓದಿದವರಿಗೆ ತೃಪ್ತಿಯಾಯಿತು, ಬಿದ್ದುಹೋದ ಶಾಲೆಯ ಚಾವಣಿ ಮಾತ್ರ ಬಿದ್ದಲ್ಲಿಯೇ ಇತ್ತು.

ಬೈಸಿಕೊಂಡು ಬಂದ ಅಧಿಕಾರಿ ಸಂಜೆ ಮಾಡುವುದೇನು? ತನಗೆ ಬಿದ್ದದ್ದನ್ನು ಕೆಳಕ್ಕೆ ಹಂಚುತ್ತಾನೆ. ರಾತ್ರಿ ಹತ್ತಕ್ಕೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರ 'ಪೆಂಡೆನ್ಸಿ' ಎಷ್ಟೆಂಬ ಪಟ್ಟಿ, ಕಡೆಯ ಐದು ಹೆಸರುಗಳಿಗೆ ಕೆಂಪು ಬಣ್ಣ. ಬೆಳಗ್ಗೆ ಎಂಟಕ್ಕೆ ವಿಡಿಯೊ ಕಾನ್ಫರೆನ್ಸ್, ಎಂದರೆ ವಿ.ಸಿ.; ಹನ್ನೊಂದಕ್ಕೆ ಕಾರಣ ಕೇಳಿ ನೋಟಿಸ್. ಅವಮಾನವು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಇನ್ನು ಇಳಿಯಲು ಕೆಳಗೆ ನೌಕರನೇ ಇಲ್ಲವಾದಾಗ, ಪಿಂಚಣಿಯನ್ನು ವಿಚಾರಿಸಲು ಬಂದ ವಿಧವೆಯ ಮೇಲೆ ಎರಗುತ್ತದೆ. "ನಾಳೆ ಬಾಮ್ಮ, ಸರ್ವರ್ ಇಲ್ಲ" ಎಂಬ ಸಿಡುಕಿನ ಮೂಲವನ್ನು ಹುಡುಕುತ್ತ ಹೋದರೆ ಅನೇಕ ಸಲ ಅದು ಜಿಲ್ಲಾ ಕೇಂದ್ರದ ಸಭಾಂಗಣದಲ್ಲಿ ಸಿಕ್ಕೀತು.

ಸಿಡುಕಿಗಿಂತ ದೊಡ್ಡ ಅನರ್ಥ ಇನ್ನೊಂದಿದೆ. ಗದರಿಕೆಗೆ ಅಂಜಿದ ಕಛೇರಿಯು ಸುಳ್ಳು ಹೇಳಲು ಕಲಿಯುತ್ತದೆ. 2012ರ ಏಪ್ರಿಲ್ 2ರಂದು ಜಾರಿಗೆ ಬಂದ ಸಕಾಲ ಕಾನೂನು, ನಿಯಮಿತ ಕಾಲದೊಳಗೆ ಸೇವೆ ದೊರೆಯದಿದ್ದರೆ ದಿನಕ್ಕೆ 20 ರೂಪಾಯಿಯಂತೆ ಪರಿಹಾರವನ್ನು ನಾಗರಿಕನಿಗೆ ಕೊಡಿಸಿ, ಅದನ್ನು ಹೊಣೆಗಾರನಾದ ನೌಕರನಿಂದ ವಸೂಲು ಮಾಡುವ ಏರ್ಪಾಡನ್ನು ಮಾಡಿತು. ಉದ್ದೇಶ ಶ್ಲಾಘ್ಯವಾದದ್ದು, ಪ್ರಯೋಜನವೂ ಆಗಿದೆ. ಆದರೆ ಗಡುವು ಮುಗಿಯುವ ಹಿಂದಿನ ಸಂಜೆ ಯಾವುದೋ ಒಂದು ದಾಖಲೆಯ ನೆಪದಿಂದ ಅರ್ಜಿಯನ್ನು ತಿರಸ್ಕರಿಸಿ, ಪಟ್ಟಿಯಲ್ಲಿ 'ವಿಲೇವಾರಿ' ಎಂದು ತೋರಿಸುವ ಉಪಾಯವನ್ನು ಅರ್ಜಿದಾರರು ಅನುಭವದಿಂದ ಬಲ್ಲರು. ಅಂಕಿ ಹಸಿರಾಯಿತು, ಕೆಲಸ ಆಗಲಿಲ್ಲ. ಈ ವಿಷಯದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಏಮಿ ಎಡ್ಮಂಡ್‌ಸನ್ ಎಂಬ ವಿದುಷಿ ಅಮೆರಿಕದ ಆಸ್ಪತ್ರೆಗಳಲ್ಲಿ ನಡೆಸಿ 1996ರಲ್ಲಿ ಪ್ರಕಟಿಸಿದ ಪರಿಶೀಲನೆಯೊಂದು ಮನನಯೋಗ್ಯ. ಒಳ್ಳೆಯ ಮೇಲ್ವಿಚಾರಣೆಯುಳ್ಳ ದಾದಿಯರ ತಂಡಗಳಲ್ಲಿ ಔಷಧಿ ಕೊಡುವ ತಪ್ಪುಗಳು ಕಡಮೆಯಿರಬೇಕೆಂದು ಆಕೆ ಊಹಿಸಿದ್ದರು; ದಾಖಲೆಯನ್ನು ನೋಡಿದರೆ ಅಂಥ ತಂಡಗಳಲ್ಲಿಯೇ ತಪ್ಪುಗಳು ಹೆಚ್ಚಾಗಿ ಕಂಡವು. ವಿಚಾರಿಸಲಾಗಿ ತಿಳಿದದ್ದೇನೆಂದರೆ, ಒಳ್ಳೆಯ ಮೇಲ್ವಿಚಾರಕಿಯ ಕೈಕೆಳಗಿನವರು ತಪ್ಪನ್ನು ಅಂಜದೆ ಹೇಳುತ್ತಿದ್ದರು. ಗದರುವವಳ ಕೈಕೆಳಗಿನವರು ಮುಚ್ಚಿಡುತ್ತಿದ್ದರು. ನಮ್ಮ ಪ್ರಗತಿ ಪರಿಶೀಲನೆಯ ಸಭೆಗಳಲ್ಲಿ ಎಲ್ಲ ಇಲಾಖೆಯೂ ಶೇಕಡ ತೊಂಬತ್ತೆಂಟು ಸಾಧಿಸಿರುವಾಗ ಇದನ್ನು ನೆನೆಯುವುದು ಒಳ್ಳೆಯದು.

ದೇಹದ ಮೇಲೆ ಆಗುವ ಪರಿಣಾಮವೂ ಅಲ್ಪವಲ್ಲ. ಸರ್ಕಾರಿ ನೌಕರರ ಆರೋಗ್ಯವನ್ನು ಕುರಿತು ಲೋಕದಲ್ಲಿ ನಡೆದಿರುವ ಅತ್ಯಂತ ದೀರ್ಘವಾದ ಅಧ್ಯಯನಗಳಲ್ಲೊಂದು ಲಂಡನ್ ನಗರದ ವೈಟ್‌ಹಾಲ್ ಕಛೇರಿಗಳದು. 1967ರಲ್ಲಿ ಆರಂಭವಾದ ಮೊದಲ ಪರಿಶೋಧನೆಯಲ್ಲಿ, 17,000ಕ್ಕೂ ಹೆಚ್ಚು ಗಂಡಸರನ್ನು ಅನುಸರಿಸಿ ನೋಡಿದಾಗ, ಅತಿ ಕೆಳಗಿನ ದರ್ಜೆಯ ಜವಾನರು ಮೊದಲಾದವರು ಹೃದ್ರೋಗದಿಂದ ಸಾಯುವ ಪ್ರಮಾಣವು ಅತಿ ಮೇಲಿನ ದರ್ಜೆಯವರದಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು. ಹೊಗೆಸೊಪ್ಪು, ಬೊಜ್ಜು, ರಕ್ತದೊತ್ತಡಗಳು ಈ ಅಂತರದ ಒಂದು ಭಾಗವನ್ನು ಮಾತ್ರ ವಿವರಿಸಬಲ್ಲವಾಗಿದ್ದವು. 1985ರಿಂದ 10,308 ಸ್ತ್ರೀಪುರುಷ ನೌಕರರನ್ನು ಕುರಿತು ಮೈಕಲ್ ಮಾರ್ಮಟ್ ಮತ್ತವರ ಸಂಗಡಿಗರು ನಡೆಸಿದ ಎರಡನೆಯ ಪರಿಶೋಧನೆಯಿಂದ, ತನ್ನ ಕೆಲಸದ ಮೇಲೆ ತನಗೆ ಹಿಡಿತವಿಲ್ಲದಿರುವಿಕೆ, ಎಂದರೆ ಯಾವಾಗ, ಹೇಗೆ, ಯಾವ ಕ್ರಮದಲ್ಲಿ ಮಾಡಬೇಕೆಂಬುದು ಪೂರ್ತಿಯಾಗಿ ಇನ್ನೊಬ್ಬರ ಇಚ್ಛೆಯಾಗಿರುವಿಕೆ, ಹೃದಯವನ್ನು ಕೆಡಿಸುವ ಪ್ರಬಲ ಕಾರಣಗಳಲ್ಲೊಂದೆಂದು ತೋರಿಬಂದಿತು. ಮೇಲಿನವನಿಗೆ ಕೆಲಸ ಹೆಚ್ಚು, ಚಿಂತೆ ಹೆಚ್ಚು, ಆದ್ದರಿಂದ ರೋಗವೂ ಹೆಚ್ಚೆಂಬ ವಾಡಿಕೆಯ ನಂಬಿಕೆ ಅಲ್ಲಿಗೆ ಸಡಿಲವಾಯಿತು. ಬೆಳಗ್ಗೆ ಆಧಾರ್ ಜೋಡಣೆಯೆಂದು ಹೊರಟವನಿಗೆ ಹನ್ನೊಂದಕ್ಕೆ ಗಣ್ಯರ ಭೇಟಿಯ ಬಂದೋಬಸ್ತು, ಎರಡಕ್ಕೆ ಬೆಳೆಹಾನಿ, ಐದಕ್ಕೆ ಬೆಳಗಿನ ಕೆಲಸ ಏಕಾಗಲಿಲ್ಲವೆಂಬ ಪ್ರಶ್ನೆ ಬರುವ ನಮ್ಮ ಗ್ರಾಮ ಆಡಳಿತ ಅಧಿಕಾರಿಗೆ ಅವನ ದಿನದ ಎಷ್ಟು ಗಂಟೆಗಳು ಸ್ವಾಧೀನವೆಂದು ಯೋಚಿಸಿ ನೋಡಬಹುದು.

ಅಪಮಾನವು ದೊಡ್ಡವರನ್ನೂ ಬಿಡುವುದಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಮೈಸೂರು ಸಿವಿಲ್ ಸರ್ವೀಸಿಗೆ ಸೇರಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೂರು ದಶಕಗಳಿಗೆ ಸಮೀಪವಾಗಿ ನಿಷ್ಠೆಯಿಂದ ದುಡಿದು, ತಮಗೆ ಸಲ್ಲಬೇಕಾಗಿದ್ದ ಉನ್ನತ ಸ್ಥಾನವು ತಮಗಿಂತ ಕಿರಿಯರಾದವರಿಗೆ ಹೋದುದನ್ನು ಕಂಡು 1943ರಲ್ಲಿ ರಾಜೀನಾಮೆಯನ್ನು ಕೊಟ್ಟು ಹೊರಬಂದರು. ಕನ್ನಡ ಸಾಹಿತ್ಯಕ್ಕೆ ಅದರಿಂದ ಲಾಭವೇ ಆಯಿತೆನ್ನಬಹುದು; ಸರ್ಕಾರಕ್ಕೆ ನಷ್ಟವಾಯಿತೆಂಬುದರಲ್ಲಿ ಸಂಶಯವಿಲ್ಲ. ಮಾಸ್ತಿಯವರಿಗೆ ಹೊರಬರಲು ಲೇಖನಿಯೊಂದು ಕೈಯಲ್ಲಿತ್ತು. ಸಾಲದ ಕಂತು, ಮಕ್ಕಳ ಶುಲ್ಕ, ವೃದ್ಧ ತಂದೆತಾಯಿಗಳ ಔಷಧಿಗಳ ನಡುವೆ ಸಿಕ್ಕಿಕೊಂಡ ದ್ವಿತೀಯ ದರ್ಜೆ ಸಹಾಯಕನು ಹೊರಬರಲಾರ; ಒಳಗೇ ಇದ್ದು ಒಣಗುತ್ತಾನೆ. ಈಚಿನ ವರ್ಷಗಳಲ್ಲಿ ಕೆಲವರು ಮರಣಪತ್ರ ಬರೆದಿಟ್ಟು ಜೀವವನ್ನೇ ಬಿಟ್ಟ ಸುದ್ದಿಗಳನ್ನು ನಾವು ಓದಿದ್ದೇವೆ. ಅಂಥ ಮರಣಗಳಿಗೆ ಒಂದೇ ಕಾರಣವನ್ನು ಹಚ್ಚುವುದು ವಿವೇಕವಲ್ಲ, ಆದರೆ ಕಛೇರಿಗೆ ಅದರಲ್ಲಿ ಪಾಲಿಲ್ಲವೆಂದು ಹೇಳುವುದು ಅದಕ್ಕಿಂತ ಅವಿವೇಕ.

ನಮ್ಮ ಜಿಲ್ಲೆಯು ಶಿಸ್ತಿನ ಮಾತು ಬಂದಾಗಲೆಲ್ಲ ವಿಶ್ವೇಶ್ವರಯ್ಯನವರ ಹುಟ್ಟೂರಾದ ಮುದ್ದೇನಹಳ್ಳಿಯ ಕಡೆಗೆ ಕೈತೋರಿಸುವುದು ಸಹಜ. ವಿಶ್ವೇಶ್ವರಯ್ಯನವರು ಕಟ್ಟುನಿಟ್ಟಿನವರು, ಗಡಿಯಾರದ ಮುಳ್ಳಿಗೆ ಹೊಂದಿ ನಡೆದವರು. ಕಛೇರಿಗಳ ಕಾರ್ಯಕ್ಷಮತೆಯನ್ನು ಪರೀಕ್ಷಿಸುವ ಏರ್ಪಾಡುಗಳನ್ನು ಮೈಸೂರಿನ ಆಡಳಿತದಲ್ಲಿ ತಂದವರು. ಆದರೆ ಅವರ ನಿಷ್ಠುರತೆ ಮೊದಲು ಬೀಳುತ್ತಿದ್ದುದು ಅವರ ಮೇಲೆಯೇ. ಕೆಳಗಿನವನಿಂದ ನಿರೀಕ್ಷಿಸಿದ ಸಿದ್ಧತೆಯನ್ನು ತಾವು ಮಾಡಿಕೊಳ್ಳದೆ ಅವರು ಸಭೆಗೆ ಹೋಗುತ್ತಿರಲಿಲ್ಲ. ಅವರ ಹೆಸರಿನಲ್ಲಿ ಇಂದು ಗದರುವವರು ಆ ಪೂರ್ವಾರ್ಧವನ್ನು ಮರೆತಿರುತ್ತಾರೆ. ನನಗೆ ಈ ಪ್ರಸಂಗದಲ್ಲಿ ಹೆಚ್ಚು ಹತ್ತಿರವಾಗಿ ಕಾಣುವವರು ಅಲೀಪುರದ ತಾಲ್ಲೂಕಿನವರೇ ಆದ, ಹೊಸೂರಿನ ಎಚ್. ನರಸಿಂಹಯ್ಯನವರು. 1920ರಲ್ಲಿ ಬಡತನದ ಮನೆಯಲ್ಲಿ ಹುಟ್ಟಿ, ಓದುವ ಆಸೆಯಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದ ಆ ಹುಡುಗನು ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ಪದ್ಮಭೂಷಣರಾಗಿ, 2005ರಲ್ಲಿ ತೀರಿಕೊಳ್ಳುವವರೆಗೆ ವಿದ್ಯಾರ್ಥಿನಿಲಯದ ಕೊಠಡಿಯೊಂದರಲ್ಲಿ ವಾಸಿಸಿದರು. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂಬುದು ಅವರ ಜೀವನಸೂತ್ರ. ಆ ಸೂತ್ರವನ್ನು ನಾವು ಅವರು ಪ್ರಶ್ನಿಸಿದ ಪವಾಡಗಳ ವಿಷಯಕ್ಕೆ ಮಾತ್ರ ಮೀಸಲಿಟ್ಟಿದ್ದೇವೆ. ಕಛೇರಿಯೊಳಗೆ ಅದು ಪ್ರವೇಶಿಸಲಿಲ್ಲ. "ಸ್ವಾಮಿ, ಈ ಗುರಿಯನ್ನು ಈ ವಾರ ಮುಟ್ಟಲಾಗದು, ಕಾರಣ ಹೀಗೆ" ಎಂದು ಹೇಳುವ ಕಿರಿಯ ನೌಕರನು ಎಷ್ಟು ಕಛೇರಿಗಳಲ್ಲಿ ಬದುಕಿಯಾನು?

ಹಿಂದಿನ ಕಾಲವೆಲ್ಲ ಸುವರ್ಣಯುಗವೆಂದು ನಾನು ಹೇಳುತ್ತಿಲ್ಲ. ಅಮಲ್ದಾರರ ಸವಾರಿ ಬಂದರೆ ಊರಿನ ಹಾಲು ಮೊಸರು ಬಿಡಾರಕ್ಕೆ ಹೋಗುತ್ತಿದ್ದುದೂ, ತಳವಾರ ತೋಟಿಗಳನ್ನು ಮನುಷ್ಯರೆಂದೇ ಎಣಿಸದಿದ್ದುದೂ ಸುಳ್ಳಲ್ಲ. ಆದರೆ ಒಂದು ಗುಣವಿತ್ತು. ಜಮಾಬಂದಿಗೆಂದು ಬಂದ ಅಧಿಕಾರಿ ಲೆಕ್ಕವನ್ನು ಊರಿನಲ್ಲಿಯೇ ನೋಡುತ್ತಿದ್ದನು. ದಾರಿ ಎಂಥದು, ಕೆರೆ ಎಲ್ಲಿ ಒಡೆದಿದೆ, ಶಾನುಭೋಗನ ಕೈಬರಹ ಏಕೆ ನಡುಗುತ್ತಿದೆ ಎಂಬುದು ಅವನ ಕಣ್ಣಿಗೆ ಬೀಳುತ್ತಿತ್ತು. ವಿ.ಸಿ.ಯ ಪರದೆಯಲ್ಲಿ ಕಾಣುವುದು ಅಂಚೆಚೀಟಿಯಷ್ಟು ಮುಖ. ಅದೂ ಕ್ಯಾಮರಾ ತೆರೆದಿದ್ದರೆ.

ಇಲ್ಲಿ ಒಂದು ಆಕ್ಷೇಪ ಬರತಕ್ಕದ್ದು, ಅದು ನ್ಯಾಯವಾದದ್ದೇ. ಲಂಚವಿಲ್ಲದೆ ಕಾಗದ ಮುಟ್ಟದವರು, ಹನ್ನೊಂದಾದರೂ ಕುರ್ಚಿಗೆ ಬಾರದವರು, ಬಡವನನ್ನು ಆರು ತಿಂಗಳು ಅಲೆಸುವವರು ಇದೇ ಕಛೇರಿಗಳಲ್ಲಿ ಇದ್ದಾರೆ. ಇಂಥವರ ಮನಸ್ಸಿಗೆ ನೋವಾಗದಂತೆ ನಡೆದುಕೊಳ್ಳಬೇಕೆ? ಬೇಕಾಗಿಲ್ಲ. ಅಂಥವರಿಗಾಗಿಯೇ 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳಿವೆ, ಲೋಕಾಯುಕ್ತವಿದೆ. ದೋಷಾರೋಪಣೆಯನ್ನು ಬರೆದು ಕೊಡಿ, ಉತ್ತರ ಪಡೆಯಿರಿ, ವಿಚಾರಣೆ ನಡೆಸಿ, ತಪ್ಪಿದ್ದರೆ ಮನೆಗೆ ಕಳುಹಿಸಿ. ತರಾಟೆಗೆ ಈ ಕಷ್ಟ ಒಂದೂ ಇಲ್ಲವಾದ್ದರಿಂದಲೇ ಅದು ಎಲ್ಲರಿಗೂ ಪ್ರಿಯ. ಆದರೆ ಚರ್ಮ ದಪ್ಪವಾದ ಲಂಚಕೋರನಿಗೆ ಅದು ತಾಗುವುದೇ ಇಲ್ಲ. ಸಭೆ ಮುಗಿದ ಮೇಲೆ ಕಾಫಿ ಕುಡಿದು ಹೊರಡುತ್ತಾನೆ. ತಾಗುವುದು ಮಾನವಂತನಿಗೆ. ಹತ್ತು ವರ್ಷ ಹೀಗೆ ನಡೆದರೆ ಕಛೇರಿಯಲ್ಲಿ ಉಳಿಯುವವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಮನಸ್ಸಿನ ಆರೋಗ್ಯಕ್ಕಾಗಿ ಇಲಾಖೆಗಳು ಏನೂ ಮಾಡುತ್ತಿಲ್ಲವೆಂದಲ್ಲ. ವರ್ಷಕ್ಕೊಂದು ಯೋಗದಿನ, ಒತ್ತಡ ನಿರ್ವಹಣೆಯ ಉಪನ್ಯಾಸ, ಅದಕ್ಕೆ ಬರಲೇಬೇಕೆಂಬ ಸುತ್ತೋಲೆ! ನಿಮ್ಹಾನ್ಸ್ ನಮ್ಮ ಬೆಂಗಳೂರಿನಲ್ಲಿಯೇ ಇದೆ; 2022ರ ಅಕ್ಟೋಬರಿನಿಂದ ಟೆಲಿ-ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಯಾರು ಬೇಕಾದರೂ ಹಗಲು ರಾತ್ರಿಯೆನ್ನದೆ ಕರೆಮಾಡಿ ಕನ್ನಡದಲ್ಲಿ ಮಾತನಾಡಬಹುದು; ಕಷ್ಟದಲ್ಲಿರುವ ನೌಕರನು ನಾಚದೆ ಕರೆಯಲಿ. ಆದರೆ ಗಾಯ ಮಾಡುವ ಕೈಯನ್ನು ಹಾಗೆಯೇ ಬಿಟ್ಟು ಮುಲಾಮನ್ನು ಹಂಚುವುದರಿಂದ ಪ್ರಯೋಜನವೇನು? ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯು ನೌಕರರಿಗಷ್ಟೇ ಅಲ್ಲದೆ ಮೇಲ್ವಿಚಾರಕರಿಗೇ ಈ ವಿಷಯದಲ್ಲಿ ತರಬೇತಿ ಬೇಕೆಂದು ಹೇಳಿತು. ನಮ್ಮಲ್ಲಿ ತರಬೇತಿಗೆ ಕಳುಹಿಸುವುದು ಯಾವಾಗಲೂ ಕಿರಿಯರನ್ನು.

ಒಳ್ಳೆಯ ಮೇಲಧಿಕಾರಿ ಮಾಡುವುದು ದೊಡ್ಡ ಸಾಹಸವೇನಲ್ಲ. ಹೊಗಳುವುದನ್ನು ಸಭೆಯಲ್ಲಿ, ತಿದ್ದುವುದನ್ನು ಕೋಣೆಯಲ್ಲಿ ಮಾಡುತ್ತಾನೆ. ಬೆಂಗಳೂರಿನಿಂದ ಐದು ತುರ್ತು ಆದೇಶಗಳು ಬಂದ ದಿನ, ಇವುಗಳಲ್ಲಿ ಇಂದು ಎರಡು, ಉಳಿದವಕ್ಕೆ ನಾನು ಉತ್ತರ ಹೇಳುತ್ತೇನೆ ಎನ್ನುತ್ತಾನೆ. ಮಗಳ ನಾಮಕರಣಕ್ಕೆ ರಜೆ ಕೇಳಿದವಳನ್ನು ಮೂರು ದಿನ ಕಾಯಿಸುವುದಿಲ್ಲ. ಇವು ಸಣ್ಣ ಮಾತುಗಳೆಂದು ತಿಳಿಯಬಾರದು. 2016ರ ಜೂನ್ 4ರಂದು ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕಲು ಹೊರಟಾಗ ಸರ್ಕಾರವೇ ಬೆಚ್ಚಿತು. ಅವರು ಕೇಳುತ್ತಿದ್ದುದರಲ್ಲಿ ಸಂಬಳದಷ್ಟೇ ಮುಖ್ಯವಾಗಿ ವಾರದ ರಜೆಯೂ, ಮೇಲಧಿಕಾರಿಗಳ ಕಿರುಕುಳದಿಂದ ಬಿಡುಗಡೆಯೂ ಇದ್ದವು.

ಈ ವಿವೇಕ ತಪ್ಪಿದಾಗ ಆಗುವುದೇನೆಂಬುದಕ್ಕೆ ಈಚಿನ ನಿದರ್ಶನಗಳೂ ಉಂಟು. 2025ರ ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ನಡೆದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಯಲ್ಲಿ, ಸ್ತಬ್ಧವಾಗುವ ಆ್ಯಪ್ ಹಿಡಿದು ಮನೆಮನೆ ಅಲೆದ ಶಿಕ್ಷಕ ಶಿಕ್ಷಕಿಯರ ಅನುಭವ ಇನ್ನೂ ಹಸಿಯಾಗಿದೆ. ಅವಧಿ ಸಾಲದೆ ಅಕ್ಟೋಬರ್ 18ರವರೆಗೆ ಶಾಲೆಗಳ ರಜೆಯನ್ನೇ ಮುಂದುವರಿಸಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಬೇರೆ ರಾಜ್ಯಗಳಲ್ಲಿ ಮತದಾರರ ಪಟ್ಟಿಯ ಪರಿಷ್ಕರಣೆಯ ಹೊರೆಯಿಂದ ಬಳಲಿದ ಮತಗಟ್ಟೆ ಅಧಿಕಾರಿಗಳಿಗೆ ಹೆಚ್ಚುವರಿ ಸಿಬ್ಬಂದಿಯನ್ನು ಒದಗಿಸಿರೆಂದು ನಿರ್ದೇಶಿಸಬೇಕಾಗಿ ಬಂದಿತು. ಮೇಲಧಿಕಾರಿಯ ಸಾಮಾನ್ಯ ವಿವೇಕದಿಂದ ಆಗಬೇಕಾದದ್ದಕ್ಕೆ ದೇಶದ ಅತ್ಯುನ್ನತ ನ್ಯಾಯಪೀಠದವರೆಗೆ ಹೋಗಬೇಕಾದದ್ದು ಯಾರಿಗೂ ಹೆಮ್ಮೆಯ ಸಂಗತಿಯಲ್ಲ.

ಈ ಜಿಲ್ಲೆಯ ಉಸ್ತುವಾರಿ ಸಚಿವರಲ್ಲಿಯೂ, ಐದು ಕ್ಷೇತ್ರಗಳ ಶಾಸಕರಲ್ಲಿಯೂ, ಜಿಲ್ಲಾಧಿಕಾರಿಗಳಲ್ಲಿಯೂ ನನ್ನದೊಂದು ಬಿನ್ನಹ. ಮುಂದಿನ ತ್ರೈಮಾಸಿಕ ಸಭೆಯಲ್ಲಿ ಯಾವ ಇಲಾಖೆಯ ಪ್ರಗತಿಯನ್ನು ಕೇಳುವುದಕ್ಕೂ ಮೊದಲು ಆ ಇಲಾಖೆಯಲ್ಲಿ ಖಾಲಿ ಇರುವ ಹುದ್ದೆಗಳೆಷ್ಟು, ಪ್ರಭಾರದಲ್ಲಿರುವವರೆಷ್ಟು ಎಂಬುದನ್ನು ಓದಿಸಿ, ಅದನ್ನೇ ನಡವಳಿಯಲ್ಲಿ ಮೊದಲು ಬರೆಯಿಸಬೇಕು. ರಾತ್ರಿ ಎಂಟರ ಮೇಲೆ, ಪ್ರವಾಹ ಬೆಂಕಿ ಅಪಘಾತಗಳ ಹೊರತು, ಕಛೇರಿಯ ಗುಂಪುಗಳಲ್ಲಿ ಸಂದೇಶ ಹಾಕಕೂಡದೆಂದು ಅಪ್ಪಣೆಯಾಗಬೇಕು. ಯಾರನ್ನಾದರೂ ತಪ್ಪಿತಸ್ಥನೆಂದು ಕಂಡರೆ ನಿಲ್ಲಿಸಿ ಬೈಯುವ ಬದಲು ನಿಯಮದಂತೆ ಬರವಣಿಗೆಯಲ್ಲಿ ಕೇಳಬೇಕು. ಈ ಮೂರಕ್ಕೂ ಹಣ ಬೇಡ, ಹೊಸ ಕಾನೂನು ಬೇಡ. ಗೌರಿಬಿದನೂರು ತಾಲ್ಲೂಕಿನಲ್ಲಿ ನಾಳೆಯೇ ಆರಂಭಿಸಬಹುದು, ಅದಕ್ಕೆ ಬೆಂಗಳೂರಿನ ಅನುಮತಿಯೂ ಬೇಕಾಗಿಲ್ಲ.